ಬೆನ್ನ ಮೇಲೆ ಮೂವತ್ತೆರಡು ಚೌಕ

ಸೋಮವಾರ, ೪ ಮಾರ್ಚ್ ೧೯೯೬. ಸಂಜೆ ೬

ಅಂಗೈ ಮತ್ತೆ ಬಿರುಕು ಬಿಟ್ಟಿದೆ. ವ್ಯಾಸಲಿನ್ ಹಚ್ಚಿಕೊಂಡು ಬರೆಯುತ್ತಿದ್ದೇನೆ, ಪುಟವೆಲ್ಲ ಜಿಡ್ಡು.

ಇವತ್ತು ಪ್ಯಾಚ್ ಟೆಸ್ಟ್ ಶುರು. ಚರ್ಮದ ಡಾಕ್ಟರು ಬೆನ್ನಿಗೆ ಮೂವತ್ತೆರಡು ಪುಟ್ಟ ಬಿಲ್ಲೆ ಅಂಟಿಸಿದರು. ಒಂದೊಂದರಲ್ಲಿ ಒಂದೊಂದು ವಸ್ತು — ನಿಕ್ಕಲ್, ಸುಗಂಧ, ಬಣ್ಣ... ಯಾವುದು ನನಗೆ ಆಗದೋ ಅದರ ಕೆಳಗೆ ಚರ್ಮ ಕೆಂಪಾಗಬೇಕು. ಕೊನೆಯ ಎರಡು ನಾನೇ ಒಯ್ದದ್ದು. ೩೧ — ನನ್ನ ರಬ್ಬರ್ ಕೈಗವಸಿನ ತುಂಡು. ೩೨ — ಲೈಬ್ರರಿಯ ಅಂಟು.

೩೨ ಎದ್ದರೆ ಮುಗಿಯಿತು. ಅಂಟು ಮುಟ್ಟದೆ ಹರಿದ ಪುಸ್ತಕ ಕಟ್ಟುವುದು ಹೇಗೆ? ಇಪ್ಪತ್ತೆಂಟು ವರ್ಷದ ಕೆಲಸ. ಲೈಬ್ರೇರಿಯನ್ ಆಗಲೇ ಸೂಚಿಸಿದ್ದಾರೆ — ಕೌಂಟರಿನಲ್ಲಿ ಕೂತು ಸೀಲು ಹೊಡೆಯಿರಿ ಎಂದು.

ನನ್ನನ್ನು ಕೇಳಿದರೆ ತಪ್ಪು ನಲ್ಲಿ ನೀರಿನದು. ನಾಲ್ಕು ವರ್ಷದ ಹಿಂದೆ ಕ್ಲೋರಿನ್ ಜಾಸ್ತಿ ಸುರಿಯತೊಡಗಿದರು. ಮುನ್ನೆಚ್ಚರಿಕೆಗೆ ಅವತ್ತೇ ಕೈಗವಸು ಕೊಂಡೆ, ಮನೆಯಲ್ಲೂ ಕೆಲಸದಲ್ಲೂ ತೊಟ್ಟೆ. ಆದರೂ ತಿಂಗಳೊಳಗೆ ಬೆರಳೆಲ್ಲ ತುರಿಕೆ! ನೀರಿನ ಆಫೀಸಿಗೆ ಹನ್ನೊಂದು ಅರ್ಜಿ ಹೋಗಿವೆ. ಉತ್ತರ ಒಂದೇ: "ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ." ಪೈಪು ಒಡೆದು ಕೆಸರು ಬಂದ ವರ್ಷವೂ ಇದೇ ವಾಕ್ಯ ಬರೆದಿದ್ದರು. ಅವರು ಮರೆತಿರಬಹುದು.

ನರ್ಸ್ ಹೇಳಿದ ನಿಯಮ: ಸ್ನಾನವಿಲ್ಲ, ಬೆವರಬಾರದು, ಕೆರೆಯಬಾರದು.

"ಜಗಳ ಆಡಬಹುದಾ?" ಅಂತ ಜೊತೆಗೆ ಬಂದಿದ್ದ ಅಕ್ಕ ಕೇಳಿದಳು. "ಅದಿಲ್ದಿದ್ರೆ ಇವಳಿಗೆ ಉಸಿರು ಕಟ್ಟುತ್ತೆ."

ಬುಧವಾರ, ೬. ಮಧ್ಯಾಹ್ನ

ಬಿಲ್ಲೆ ಕಿತ್ತರು. ನರ್ಸ್ ಪ್ರತಿ ಜಾಗಕ್ಕೂ ಪೆನ್ನಿನಿಂದ ಚೌಕ ಬರೆದು ನಂಬರ್ ಹಾಕಿದಳು. ಮೂವತ್ತು ಚೌಕ ತಣ್ಣಗಿವೆ. ಅಕ್ಕಪಕ್ಕದ ಎರಡು ಕೆಂಪು. ೩೧. ೩೨.

"ಎರಡೂ ಅಲರ್ಜಿ ಅಂತ ಈಗಲೇ ಹೇಳೋಕಾಗಲ್ಲ," ಅಂದರು ಡಾಕ್ಟರು. "ಬರೀ ಉರಿಯಾಗಿದ್ರೆ ಶುಕ್ರವಾರಕ್ಕೆ ಇಳಿಯುತ್ತೆ. ಅಲರ್ಜಿಯಾಗಿದ್ರೆ ಇನ್ನೂ ಏಳುತ್ತೆ. ಗುರುತು ಮಾತ್ರ ಅಳಿಸ್ಕೋಬೇಡಿ. ಆಮೇಲೆ ಯಾವುದು ಯಾವುದು ಅಂತ ನಂಗೂ ತಿಳಿಯಲ್ಲ."

ಊಟ ಸೇರಲಿಲ್ಲ. ಬೋರಲು ಮಲಗಿ ಒಂದು ನಿದ್ದೆ ತೆಗೆಯುತ್ತೇನೆ.

ಗುರುವಾರ, ೭. ಸಂಜೆ

ನನ್ನಂಥ ಪೆದ್ದಿ ಇಲ್ಲ.

ಬೆಳಿಗ್ಗೆ ಪತ್ರಿಕೆಯಲ್ಲಿ ನೀರಿನ ಆಫೀಸಿನ ಪ್ರಕಟಣೆ — "ಶುದ್ಧ ನೀರು ನಮ್ಮ ಹೆಮ್ಮೆ." ಹೆಮ್ಮೆಯಂತೆ! ಹನ್ನೆರಡನೆಯ ಅರ್ಜಿ ಬರೆದು, ಉರಿಬಿಸಿಲಲ್ಲಿ ನಡೆದೇ ಹೋದೆ. ಇಂಜಿನಿಯರ್ ಎದ್ದು ನಿಂತ.

"ಬನ್ನಿ ಮೇಡಂ, ಎರಡು ತಿಂಗಳಾಯ್ತು ನಿಮ್ಮನ್ನ ನೋಡಿ. ಹುಷಾರಾಗಿದ್ದೀರಿ ತಾನೆ?"

ಕುರ್ಚಿ ಕೊಟ್ಟ. ನೀರು ಕೊಟ್ಟ — ನಲ್ಲಿಯದು. ಕುಡಿಯಲಿಲ್ಲ.

ಮನೆಗೆ ಬಂದು ರವಿಕೆ ತೆಗೆದರೆ ಒಳಗೆಲ್ಲ ನೀಲಿ ಶಾಯಿ. ಬೆವರಿಗೆ ಚೌಕಗಳೆಲ್ಲ ಕರಗಿಹೋಗಿವೆ. ಅಕ್ಕ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಶುಕ್ರವಾರ, ೮. ಮಧ್ಯಾಹ್ನ ೧

ಬೆನ್ನಲ್ಲಿ ಒಂದೇ ಕೆಂಪು ಬೊಕ್ಕೆ ಉಳಿದಿತ್ತಂತೆ. ಇನ್ನೊಂದು ಮಾಯ. ಆದರೆ ಉಳಿದದ್ದು ಯಾವುದು? ಕೈಗವಸೋ, ಅಂಟೋ? ಡಾಕ್ಟರು ಭೂತಗನ್ನಡಿ ಹಿಡಿದರು. ನರ್ಸ್ ಬೆರಳಿಟ್ಟು ಎಣಿಸಿ ಸೋತಳು.

"ಮೊದಲಿಂದ ಮಾಡ್ಬೇಕು. ತಿಂಗಳು ಬಿಟ್ಟು."

ತಿಂಗಳು ಅಂದರೆ ಕೌಂಟರು. ಕೌಂಟರಿಗೆ ಹೋದವರು ವಾಪಸು ಬಂದದ್ದನ್ನು ನಾನು ಕಂಡಿಲ್ಲ.

"ತಡೀರಿ," ಅಂದಳು ಅಕ್ಕ. ಕೈಚೀಲದಿಂದ ಅಳತೆ ಟೇಪು ಬಂತು, ಹಿಂದೆಯೇ ಒಂದು ಚೀಟಿ. ನಲವತ್ತು ವರ್ಷ ಊರವರ ಬಟ್ಟೆ ಹೊಲಿದ ಕೈ. ಬುಧವಾರ ನಾನು ಬೋರಲು ಮಲಗಿದ್ದಾಗ ಬೆನ್ನು ಅಳೆದುಬಿಟ್ಟಿದ್ದಾಳೆ! ಕತ್ತಿನ ಮೂಳೆಯಿಂದ ಕೆಳಕ್ಕೆ ಎಷ್ಟು ಇಂಚು, ಬೆನ್ನುಮೂಳೆಯಿಂದ ಬಲಕ್ಕೆ ಎಷ್ಟು...

"ಎರಡೂ ಕೆಳಕ್ಕೆ ಹನ್ನೊಂದೂಕಾಲು. ಮೂವತ್ತೊಂದು ಬಲಕ್ಕೆ ಎರಡೂವರೆ, ಮೂವತ್ತೆರಡು ಮೂರೂಕಾಲು."

"ಮೊದಲೇ ಯಾಕೆ ಅಳೆದಿಟ್ರಿ?" ಅಂದರು ಡಾಕ್ಟರು.

"ಎರಡು ದಿನ ಮನೇಲಿ ಕೂರೋ ಹೆಣ್ಣಾ ಇದು, ಡಾಕ್ಟ್ರೇ? ಹುಟ್ಟಿದಾಗಿಂದ ನೋಡ್ತಿದ್ದೀನಿ."

"ನಿನ್ನೆಯೇ ಹೇಳೋಕೇನಾಗಿತ್ತು?" ಅಂದೆ.

"ಒಂದು ದಿನವಾದ್ರೂ ನಾಚ್ಕೊಂಡಿರ್ಲಿ ಅಂತ. ಸುಮ್ನೆ ಮಲಕ್ಕೋ."

ಬುಧವಾರದ ಹಾಗೆಯೇ ಬೋರಲು ಮಲಗಿದೆ. ಟೇಪು ತಣ್ಣಗೆ ತಾಗಿತು.

"ಎರಡೂವರೆ," ಅಂದಳು ಅಕ್ಕ. "ಮೂವತ್ತೊಂದು."

ಕೈಗವಸು! ಕೈ ಕಾಯಲೆಂದು ತೊಟ್ಟದ್ದೇ ಕೈ ತಿಂದಿದೆ. ಅಂಟಿನದು ತಪ್ಪಿಲ್ಲ. ಬರೆಯಲು ಕಷ್ಟವಾಗುತ್ತಿದೆ — ನೀರಿನದೂ ಇಲ್ಲ.

"ರಬ್ಬರ್ ಬಿಡಿ, ಕೆಲಸ ಬಿಡ್ಬೇಡಿ," ಅಂದರು ಡಾಕ್ಟರು. ಅಳು ಬಂತು. ಬೋರಲಿದ್ದದ್ದು ಒಳ್ಳೆಯದಾಯಿತು.

ಶನಿವಾರ, ೩೦. ಬೆಳಿಗ್ಗೆ ೧೧

ಬಿರುಕು ಕೂಡಿದೆ. ಈ ವಾರ ಏಳು ಪುಸ್ತಕ ಕಟ್ಟಿದೆ, ಒಂದು ಭಾರೀ ನಿಘಂಟು ಸೇರಿ. ಕೌಂಟರಿನ ಮಾತು ಯಾರೂ ಎತ್ತಿಲ್ಲ.

ಇಂಜಿನಿಯರ್‌ಗೆ ಕ್ಷಮೆ ಕೋರಿ ಎರಡು ಪುಟ ಬರೆದೆ. (ಕೆಸರು ಬಂದ ವರ್ಷದ ವಿಷಯ ಮಾತ್ರ ವಾಪಸು ತೆಗೆದುಕೊಂಡಿಲ್ಲ.) ಡಾಕ್ಟರಿಗೂ ನರ್ಸಿಗೂ ಕಾಗದ ಹಾಕಿದೆ. ಅಕ್ಕನಿಗೆ? ಒಂದೇ ಸೂರಿನಡಿ ಇರುವವಳಿಗೆ ಯಾವ ವಿಳಾಸ ಬರೆಯಲಿ?

ಬೆಳಗಿನಿಂದ ಮೂರು ಸಲ ಹೊಲಿಗೆ ಮೆಷಿನ್ ತನಕ ಹೋಗಿ ಸುಮ್ಮನೆ ಬಂದೆ.

"ಏನೇ, ನೆಲ ಸವೆಸ್ತಿದ್ದೀಯ? ಹೇಳೋದಿದ್ರೆ ಹೇಳು. ಇಲ್ದಿದ್ರೆ ಆ ಗುಂಡಿ ಎತ್ಕೊಡು."

ಗುಂಡಿ ಎತ್ತಿಕೊಟ್ಟೆ.

ಇಲ್ಲೇ ಅಭ್ಯಾಸ ಮಾಡಿಕೊಳ್ಳುತ್ತೇನೆ. ಅಕ್ಕಾ, ಅವತ್ತು ನೀನು ಅಳೆಯದೆ ಇದ್ದಿದ್ದರೆ ನಾನು —

ಕೂಗುತ್ತಿದ್ದಾಳೆ. ಇನ್ನೊಂದು ಗುಂಡಿ ಬಿತ್ತಂತೆ. ಈ ಸಲ ಎತ್ತಿಕೊಡುವಾಗಲೇ ಹೇಳಿ —