ಗೇಣುದ್ದದ ವೈರು

ಮಾರ್ಚ್ 4, ಸಂಜೆ

ಮೂರು ಕಂಪ್ಲೇಂಟು. ಎರಡು ಬರೀ ಗ್ರೀಸು, ಒಂದು ಬಾಗಿಲು. ಎರಡು ಸಲ ಸೋಪು ಹಾಕಿ ತೊಳೆದರೂ ಬೆರಳಿನ ಎಣ್ಣೆ ಹೋಗಿಲ್ಲ, ಪೆನ್ನು ಜಾರುತ್ತಿದೆ. ಹೊಸ ಜೊತೆಗಾರನನ್ನು ಗಂಟು ಹಾಕಿದ್ದಾರೆ. ಐವತ್ತು ದಾಟಿದ ಆಸಾಮಿ. ಬಿಗಿ ಮಾಡಿದ ಸ್ಕ್ರೂವನ್ನೇ ಮೂರು ಸಲ ಅಲ್ಲಾಡಿಸಿ ನೋಡುತ್ತಾನೆ. ನಾನು ಬಿಗಿ ಮಾಡಿದ್ದಾದರೆ ನಾಲ್ಕು ಸಲ. ಡೌಟು ಎಂದು ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲೇ.

ಹನ್ನೊಂದು ವರ್ಷ ಭಾವನ ಜೊತೆ ಲಿಫ್ಟ್ ರಿಪೇರಿ ಮಾಡಿದವನಿಗೆ ಇದೆಲ್ಲ ಕಿರಿಕಿರಿ. ಭಾವ ಎಂದರೆ ಅಕ್ಕನ ಗಂಡ. ನನ್ನನ್ನು ಈ ಕಂಪನಿಗೆ ಸೇರಿಸಿದವರು, ಸ್ಪ್ಯಾನರ್ ಹಿಡಿಯುವುದರಿಂದ ಹಿಡಿದು ಎಲ್ಲ ಕಲಿಸಿದವರು. ಮೊನ್ನೆಯಿಂದ ಲಾಕಪ್ಪಿನಲ್ಲಿದ್ದಾರೆ. ಕೊಲೆ ಕೇಸು.

ಕೊಲೆ. ಬರೆದು ನೋಡಿದೆ. ನಮ್ಮ ಭಾವ! ಸೊಳ್ಳೆ ಹೊಡೆಯಲೂ ಕೈ ಎತ್ತದ ಮನುಷ್ಯ. ಅದು ಕರುಣೆಯೋ ಸೋಮಾರಿತನವೋ... ಈಗ ಅದನ್ನೂ ಯೋಚಿಸಬೇಕಾಗಿದೆ.

ಮಾರ್ಚ್ 5, ಬೆಳಿಗ್ಗೆ 6.30

ಇನ್‌ಸ್ಪೆಕ್ಟರಿಗೆ ಹೇಳಿದ್ದನ್ನು ಇಲ್ಲೂ ಬರೆದಿಡುತ್ತೇನೆ. ಮುಂದೆ ಕೋರ್ಟಿನಲ್ಲಿ ತಡವರಿಸಬಾರದು.

ಫೆಬ್ರವರಿ 24. ಆರು ಮಹಡಿಯ ಅಪಾರ್ಟ್‌ಮೆಂಟು. ನಾಲ್ಕನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ. ಹಳೆಯ ಲಿಫ್ಟು, ಕೈಯಿಂದ ಎಳೆದು ತೆಗೆಯುವ ಬಾಗಿಲು. ಯಾವ ಮಹಡಿಯಲ್ಲಾದರೂ ಬಾಗಿಲು ತೆರೆದಿದ್ದರೆ ಲಿಫ್ಟು ಕದಲಬಾರದು, ಅದು ನಿಯಮ. ಆದರೆ ರಿಪೇರಿಯ ಹೊತ್ತಿನಲ್ಲಿ ನಾವು ಬಾಗಿಲು ತೆರೆದೇ ಓಡಿಸಿ ನೋಡಬೇಕು. ಅದಕ್ಕೆ ಟೆರೇಸಿನ ಮೆಷಿನ್ ರೂಮಿನಲ್ಲಿರುವ ಪ್ಯಾನೆಲ್ಲಿಗೆ ಗೇಣುದ್ದದ ಒಂದು ವೈರು ಸಿಕ್ಕಿಸುತ್ತೇವೆ. ಸಿಕ್ಕಿಸಿದರೆ ಲಿಫ್ಟಿನ ಲೆಕ್ಕಕ್ಕೆ ಎಲ್ಲ ಬಾಗಿಲೂ ಮುಚ್ಚಿದ ಹಾಗೆ. ಕೆಲಸ ಮುಗಿದ ಕೂಡಲೇ ಅದನ್ನು ತೆಗೆಯಲೇಬೇಕು.

ಅಂದು ಮೇಲೆ ನಾನು, ಕೆಳಗೆ ಭಾವ. ಕೆಲಸ ಮುಗಿಯಿತು. ಭಾವ ಕೆಳಗಿನಿಂದ "ತೆಗೆ" ಎಂದು ಕೂಗಿದರು. ನಾನು ಹಗ್ಗ ಇಳಿಯುವ ಕಿಂಡಿಗೆ ಬಾಯಿ ಕೊಟ್ಟು "ತೆಗೆದೆ" ಎಂದೆ. ಹನ್ನೊಂದು ವರ್ಷದಿಂದ ನಮ್ಮ ಪದ್ಧತಿ ಇದೇ. ಹನ್ನೆರಡೂ ಹತ್ತಕ್ಕೆ ನಾನು ಬೇರೆ ಕಂಪ್ಲೇಂಟಿಗೆ ಹೊರಟೆ. ಆಮೇಲೆ ಭಾವ ಒಬ್ಬರೇ ಮೇಲೆ ಹೋಗಿ ಮೆಷಿನ್ ರೂಮಿಗೆ ಬೀಗ ಹಾಕಿ, ಕೀಲಿಯನ್ನು ವಾಚ್‌ಮನ್ ಕೈಗೆ ಕೊಟ್ಟು ಹೋಗಿದ್ದಾರೆ.

ಮಧ್ಯಾಹ್ನ ಮೂರಕ್ಕೆ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಲಿಫ್ಟಿನೊಳಗೆ ನೋಟಿಸು ಅಂಟಿಸುತ್ತಿದ್ದ. ಟೇಪು ತರಲು ನಾಲ್ಕನೇ ಮಹಡಿಯ ತನ್ನ ಮನೆಗೆ ಹೋದ. ಲಿಫ್ಟು ಹೊರಡದಿರಲಿ ಎಂದು ಬಾಗಿಲಿಗೆ ಚಪ್ಪಲಿ ಅಡ್ಡ ಇಟ್ಟ. ಅಲ್ಲಿ ಎಲ್ಲರೂ ಹಾಗೇ ಮಾಡುವುದು. ಕೆಳಗೆ ಯಾರೋ ಬಟನ್ ಒತ್ತಿದರು. ಲಿಫ್ಟು ಇಳಿದುಹೋಯಿತು. ಅವನು ಟೇಪಿನ ತುದಿ ಹುಡುಕುತ್ತ, ತಲೆ ತಗ್ಗಿಸಿಕೊಂಡು ಬಂದು ಒಳಗೆ ಕಾಲಿಟ್ಟ.

ಪ್ಯಾನೆಲ್ಲಿನಲ್ಲಿ ವೈರು ಇತ್ತಂತೆ. ನಾನು ತೆಗೆದಿದ್ದೆ. ಹಾಗಾದರೆ ಮತ್ತೆ ಸಿಕ್ಕಿಸಿದವರು ಯಾರು? ಕೀಲಿ ಮೂರರವರೆಗೂ ವಾಚ್‌ಮನ್ ಜೇಬಿನಲ್ಲೇ ಇತ್ತಂತೆ. ನನ್ನ ನಂತರ ಆ ರೂಮಿಗೆ ಹೋದವರು ಒಬ್ಬರೇ.

ಮಾರ್ಚ್ 7

ಮರೆತಿದ್ದರೆ ಅದು ನಿರ್ಲಕ್ಷ್ಯ, ತೆಗೆದದ್ದನ್ನು ಮತ್ತೆ ಸಿಕ್ಕಿಸಿದರೆ ಅದು ಕೊಲೆ — ಇನ್‌ಸ್ಪೆಕ್ಟರ್ ಹೇಳಿದ್ದು. "ನಿಮ್ಮ ಹೇಳಿಕೆಯೇ ಕೇಸಿನ ಬೆನ್ನೆಲುಬು ಕಣ್ರೀ" ಎಂದರು. ಹೊಗಳಿದರೋ ಚುಚ್ಚಿದರೋ ತಿಳಿಯಲಿಲ್ಲ.

ಕಾರಣ ಬೇಕಲ್ಲ? ಇದೆ. ಸೆಕ್ರೆಟರಿಗೆ ನಾವಿಟ್ಟ ಹೆಸರು ನೋಟಿಸಪ್ಪ. ಗೋಡೆ ಕಂಡರೆ ಸಾಕು, ಒಂದು ಕಾಗದ ಅಂಟಿಸುತ್ತಿದ್ದ. 'ಲಿಫ್ಟ್ ರಿಪೇರಿಯವರು ಮೆಟ್ಟಿಲನ್ನೇ ಬಳಸತಕ್ಕದ್ದು' ಎಂದು ಲಿಫ್ಟಿನೊಳಗೇ ಬರೆದು ಹಾಕಿದ ಮಹಾನುಭಾವ. ಭಾವನ ಮೇಲೆ ಕಂಪನಿಗೆ ಮೂರು ದೂರು ಕೊಟ್ಟಿದ್ದ. ಕೊನೆಯದಕ್ಕೆ ಭಾವನ ಮೇಸ್ತ್ರಿ ಬಡ್ತಿ ನಿಂತುಹೋಯಿತು. 24ರಂದು ನಾನು ಹೊರಟ ಮೇಲೆ ಇಬ್ಬರಿಗೂ ಜೋರು ಜಗಳವಾಯಿತೆಂದು ವಾಚ್‌ಮನ್ ಹೇಳಿದ್ದಾನೆ. ಜಗಳ ಮುಗಿಸಿಯೇ ಭಾವ ಮೇಲೆ ಹೋದದ್ದು.

ನನ್ನ ಚೀಲವನ್ನೂ ನೋಟಿಸಪ್ಪ ಒಂದೆರಡು ಸಲ ಬಿಚ್ಚಿಸಿ ನೋಡಿದ್ದ. ಏನಾದರೂ ಕದ್ದಿದ್ದೇನೆಯೇ ಎಂದು. ಅದೇನು ದೊಡ್ಡ ವಿಷಯವಲ್ಲ.

ಮಾರ್ಚ್ 8, ಭಾನುವಾರ

ಅಕ್ಕನ ಮನೆಗೆ ಹೋಗಿದ್ದೆ. ಅತ್ತು ಅತ್ತು ಕಣ್ಣು ಊದಿದೆ. ಮಗಳು ಕಾಲೇಜಿಗೆ ಹೋಗುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಾಳೆ.

"ಅವರು ಹಾಗ್ ಮಾಡೋರಲ್ಲ ಕಣೋ. ನಿಂಗೆ ಗೊತ್ತಿಲ್ವಾ?"

"ನಾನೇ ತೆಗೆದ್ಮೇಲೆ ಅದು ತಾನಾಗೇ ಹೋಗಿ ಕೂತ್ಕೊಳ್ತಾ?"

"ನೀನು ಸರಿಯಾಗಿ ನೋಡಿದ್ಯಾ?"

"ಹನ್ನೊಂದು ವರ್ಷದ ಕೆಲ್ಸ ಅಕ್ಕ. ನಿದ್ದೆಗಣ್ಣಲ್ಲೂ ತೆಗೀತೀನಿ."

ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮತ್ತೆ ಅವರ್ಯಾಕೆ ಬಾಯಿ ಬಿಡ್ತಿಲ್ಲ?" ಎಂದಳು.

ಅದೇ ನನ್ನ ತಲೆಗೂ ಹುಳ ಬಿಟ್ಟಿರುವುದು. ಅರೆಸ್ಟ್ ಆದ ದಿನದಿಂದ ಭಾವ ತುಟಿ ಪಿಟಕ್ಕೆಂದಿಲ್ಲ. ಮಾಡಿದೆ ಎಂದೂ ಇಲ್ಲ, ಮಾಡಿಲ್ಲ ಎಂದೂ ಇಲ್ಲ. ತಪ್ಪು ಮಾಡದವನು ಊರು ಒಂದಾಗುವ ಹಾಗೆ ಕೂಗಬೇಕೋ ಬೇಡವೋ?

ಮಾರ್ಚ್ 12, ಸಂಜೆ

ಕೊಲೆ ಮಾಡುವವನ ತಲೆ ಹೇಗೆ ಓಡುತ್ತದೆ? ಊಟ ಮಾಡುವಾಗ, ಬಸ್ಸಿನಲ್ಲಿ, ಇದೇ ಯೋಚನೆ.

ಭಾವನಿಗೆ ಕೋಪ ಬರುವುದೇ ಇಲ್ಲ ಎಂದು ಎಲ್ಲರೂ ಹೊಗಳುತ್ತಿದ್ದೆವು. ಬರುವುದಿಲ್ಲವೋ, ಒಳಗೊಳಗೇ ಕುದಿಯುತ್ತದೋ? ಆರು ವರ್ಷದ ಹಿಂದೆ ಸೂಪರ್‌ವೈಸರ್ ಎಲ್ಲರೆದುರು ಬೈದಾಗ ನಕ್ಕು ಸುಮ್ಮನಾಗಿದ್ದರು. ಆದರೆ ಅವನು ರಿಟೈರ್ ಆದ ದಿನ ಎಲ್ಲರೂ ಕೈ ಕುಲುಕಿದರೆ ಇವರು ಜೇಬಿನಿಂದ ಕೈ ತೆಗೆಯಲಿಲ್ಲ. ನಾಲ್ಕು ವರ್ಷ ನೆನಪಿಟ್ಟುಕೊಂಡಿದ್ದರು! ಆಗ ನನಗೆ ಭಲೇ ಎನಿಸಿತ್ತು. ಈಗ ಮೈ ಜುಮ್ಮೆನ್ನುತ್ತದೆ.

24ರ ಸಂಜೆ, ಸುದ್ದಿ ಬಂದಾಗ ಭಾವ ನನ್ನ ಎದುರಿಗೇ ಇದ್ದರು. ಫೋನು ಇಟ್ಟು ನನ್ನ ಮುಖವನ್ನೇ ನೋಡಿದರು. ತುಂಬ ಹೊತ್ತು. ಗಾಬರಿಯಿಲ್ಲ, ಅಯ್ಯೋ ಎನ್ನಲಿಲ್ಲ. ನನ್ನನ್ನು ಅಳೆಯುತ್ತಿದ್ದ ಹಾಗಿತ್ತು. ನನಗೆ ಗೊತ್ತಾಗಿದೆಯೋ ಎಂದು ನೋಡಿದ್ದು. ಇನ್ನೇನು?

ಮಾರ್ಚ್ 19

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಹೇಳಬಾರದಿತ್ತೇನೋ. ಆದರೆ ಎಷ್ಟು ದಿನ ಕಣ್ಣು ಮುಚ್ಚಿಕೊಂಡು ಇರುತ್ತಾಳೆ? ಜೇಬಿನಲ್ಲಿ ಕೈ ಇಟ್ಟ ಕಥೆ ಕೇಳಿ, "ನನ್ ಹತ್ರಾನೂ ಹಂಗೇ. ಬೇಜಾರಾದ್ರೆ ವಾರಗಟ್ಲೆ ಹೇಳಲ್ಲ" ಎಂದಳು. ನೋಡಿದೆಯಾ, ಕೆದಕಿದಷ್ಟೂ ಸಿಗುತ್ತಾ ಹೋಗುತ್ತದೆ.

ಈ ವಾರ ಜೈಲಿಗೆ ಭೇಟಿಗೆ ಹೋಗಿಲ್ಲವಂತೆ.

ಏಪ್ರಿಲ್ 2, ಮಧ್ಯಾಹ್ನ

ನಾನೇ ಹೋದೆ. ಬಾಯಿ ಬಿಡಿಸಿಯೇ ಬರುತ್ತೇನೆ ಎಂದು.

ನಡುವೆ ಗಾಜು, ಮಾತಾಡಲು ಫೋನು. ಭಾವ ಇಳಿದುಹೋಗಿದ್ದಾರೆ. ಗಡ್ಡ ಬೆಳ್ಳಗಾಗಿದೆ. ಅಕ್ಕ ಯಾಕೆ ಬರುತ್ತಿಲ್ಲ ಎಂದು ಕೇಳಿದರು. ಮೈಗೆ ಹುಷಾರಿಲ್ಲ ಎಂದೆ. ಆಮೇಲೆ ನೇರವಾಗಿ ಕೇಳಿದೆ.

"ಭಾವ, ಯಾಕೆ ಮಾಡಿದ್ರಿ?"

ನಕ್ಕರು. ಆ ನಗುವಿಗೆ ಏನು ಹೆಸರಿಡಬೇಕೋ ತಿಳಿಯದು.

"ನಾನು ಅದನ್ನೇ ನಿನ್ನ ಕೇಳ್ಬೇಕು ಅಂತಿದ್ದೆ."

"ಏನು?"

"ಮರೆತ್ಯಾ, ಬೇಕಂತ ಬಿಟ್ಯಾ? ಅಷ್ಟು ಹೇಳ್ಬಿಡು. ಯಾರಿಗೂ ಹೇಳಲ್ಲ. ಬೆಳಿಗ್ಗೆ ಅವನು ಅಷ್ಟು ಜನರ ಮುಂದೆ ನಿನ್ನ ಚೀಲ ನೆಲಕ್ಕೆ ಸುರಿದಾಗ ನಿನ್ನ ಮುಖ ನೋಡಿದ್ದೆ ಕಣೋ. ನಾನು ಅವನ ಜೊತೆ ಜಗಳಕ್ಕೆ ನಿಂತಿದ್ದೂ ಅದಕ್ಕೇ."

ನನಗೆ ಮೈಯೆಲ್ಲ ಉರಿಯಿತು. "ನಾನು ತೆಗೆದೆ ಅಂತ ಕೂಗಿದ್ದು ನಿಮಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು. ಅದಕ್ಕೇ ಪ್ಯಾನೆಲ್ ಮುಚ್ಚಳ ತೆಗೆದು ನೋಡ್ಲಿಲ್ಲ. ಬೀಗ ಹಾಕ್ಕೊಂಡು ಬಂದೆ. ನೀನು ತೆಗೆದೆ ಅಂದ್ಮೇಲೆ ಯಾವತ್ತಾದ್ರೂ ನೋಡಿದೀನಾ? ನೋಡ್ಬೇಕಿತ್ತು. ಆ ತಪ್ಪು ನಂದೇ."

"ಹಾಗಿದ್ರೆ ಪೊಲೀಸ್ರಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇಲ್ಲಿ ನೀನು ಕೂತಿರ್ತಿದ್ದೆ. ನಿನ್ನ ಕೆಲ್ಸಕ್ಕೆ ಕರ್ಕೊಂಡ್ ಬಂದೋನು ನಾನು."

ಫೋನು ಕುಕ್ಕಿ ಎದ್ದು ಬಂದೆ.

ಏಪ್ರಿಲ್ 3

ಎಂಥ ಚಾಲಾಕಿ! ಒಂದು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತು ಹೆಣೆದದ್ದು ಇದು. ತಾನು ಮಾಡಿದ್ದನ್ನು ನನ್ನ ತಲೆಗೆ ಕಟ್ಟಿ, ಮೇಲೆ ತ್ಯಾಗದ ಒಗ್ಗರಣೆ ಬೇರೆ. ಮೆತ್ತಗಿನ ದನಿಯಲ್ಲಿ ಹೇಳಿದರೆ ನಾನು ಕರಗಿಬಿಡುತ್ತೇನೆ ಎಂದು ಲೆಕ್ಕ. ಚೀಲ ಸುರಿದದ್ದನ್ನು ಎಷ್ಟು ಸರಿಯಾಗಿ ನೆನಪಿಟ್ಟುಕೊಂಡಿದ್ದಾರೆ!

ಅಕ್ಕನಿಗೆ ಭೇಟಿಯ ವಿಷಯ ಹೇಳಿದೆ. ಎಲ್ಲ ಹೇಳಲಿಲ್ಲ. ತಪ್ಪು ನಂದೇ ಅಂತ ಒಪ್ಪಿಕೊಂಡರು ಎಂದೆ. ಆ ಮಾತು ಅವರು ಆಡಿದ್ದು ನಿಜ ತಾನೆ.

ಏಪ್ರಿಲ್ 21, ಸಂಜೆ 5

ಇವತ್ತು ಮನೆಗೆ ಬೇಗ ಬಂದೆ.

ಆಸ್ಪತ್ರೆಯ ಹಿಂದಿನ ಹಳೆಯ ಕಟ್ಟಡ. ಮೇಲೆ ನಾನು, ಕೆಳಗೆ ಡೌಟು. ವೈರು ಸಿಕ್ಕಿಸಿ ಓಡಿಸಿ ನೋಡಿದ್ದಾಯಿತು. ಅವನು "ತೆಗೆ" ಎಂದು ಕೂಗಿದ. ನಾನು "ತೆಗೆದೆ" ಎಂದೆ. ಮುಚ್ಚಳ ಮುಚ್ಚಿದೆ. ಚೀಲ ಕಟ್ಟುತ್ತಿದ್ದೆ. ಡೌಟು ಏದುಸಿರು ಬಿಡುತ್ತ ಐದು ಮಹಡಿ ಹತ್ತಿ ಬಂದ. ದಿನಾ ಬರುತ್ತಾನೆ, ದಿನಾ ನನಗೆ ಸಿಟ್ಟು. ಮುಚ್ಚಳ ತೆಗೆದ.

ವೈರು ಅಲ್ಲೇ ಇತ್ತು.

"ತೆಗೆದೆ ಅಂದ್ರಲ್ರೀ?"

ನಾನು ಅದನ್ನು ನೋಡುತ್ತ ನಿಂತೆ. ತೆಗೆದಿದ್ದೆ. ಆಣೆ ಮಾಡಿ ಹೇಳುತ್ತಿದ್ದೆ, ತೆಗೆದಿದ್ದೆ ಎಂದು. ಬೆರಳಿಗೆ ಅದರ ಬಿಸಿ ತಾಗಿದ ನೆನಪೂ ಇತ್ತು. ಆದರೆ ಅದು ಯಾವತ್ತಿನ ನೆನಪು? ಹನ್ನೊಂದು ವರ್ಷದಲ್ಲಿ ಸಾವಿರ ಸಲ ಕೂಗಿದ್ದೇನೆ, ಸಾವಿರ ಸಲ ಕಿತ್ತಿದ್ದೇನೆ. ಕೂಗಿದ ಮೇಲೆ ತಲೆಯ ಪಾಲಿಗೆ ಕೆಲಸ ಮುಗಿಯಿತು. ಕೈ ಚಾಚಿದರೂ ಒಂದೇ, ಚಾಚದಿದ್ದರೂ ಒಂದೇ. ಚೀಲದಲ್ಲಿ ಅಂಥ ವೈರು ಐದಾರು ಬಿದ್ದಿರುತ್ತವೆ, ಒಂದು ಕಡಿಮೆಯಾದರೆ ಗೊತ್ತೂ ಆಗುವುದಿಲ್ಲ.

ಡೌಟು ವೈರು ಕಿತ್ತು ನನ್ನ ಕೈಗಿಟ್ಟ. "ಆಗತ್ತೆ ಬಿಡ್ರೀ. ಅದಕ್ಕೇ ನಾನು ಹತ್ತಿ ಬರೋದು" ಎಂದ. ಒಳ್ಳೆಯ ಮನುಷ್ಯ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಏಪ್ರಿಲ್ 22, ಬೆಳಿಗ್ಗೆ

ಬೇಕೆಂದು ಮಾಡಿಲ್ಲ. ಇದೊಂದು ಮಾತ್ರ ಸತ್ಯ.

ಸತ್ಯವೇ? ಅಂದು ಬೆಳಿಗ್ಗೆ ನನ್ನ ಸಾಮಾನು ನೆಲದ ಮೇಲೆ ಉರುಳಿತ್ತು. ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಸಿ ನೋಡಿದ್ದ. ಮೇಲೆ ಹತ್ತುವಾಗ ಇವನು ಹಾಳಾಗಿ ಹೋಗಲಿ ಎಂದುಕೊಂಡದ್ದು ನಿಜ. ಅದೇ ಗುಂಗಿನಲ್ಲಿ ಮರೆತೆನೇ? ಗುಂಗೇ ಮರೆಸಿತೇ? ನನ್ನ ತಲೆಯೊಳಗೇ ನನಗೆ ದಾರಿ ಸಿಗುತ್ತಿಲ್ಲ, ಭಾವನ ತಲೆಯೊಳಗೆ ಹೊಕ್ಕು ತಿಂಗಳುಗಟ್ಟಲೆ ತೀರ್ಪು ಕೊಡುತ್ತ ಕೂತಿದ್ದೆ.

ನಾನು ಬೇಕೆಂದು ಮಾಡಿಲ್ಲ ಎಂದರೆ ಯಾರಾದರೂ ನಂಬುತ್ತಾರಾ? ನಾನು ಭಾವನನ್ನು ನಂಬಿದೆನಾ?

ಇವತ್ತು ಸ್ಟೇಷನ್ನಿಗೆ ಹೋಗುತ್ತೇನೆ.

ಏಪ್ರಿಲ್ 23

ಹೋಗಲಿಲ್ಲ. ಸೋಮವಾರ ಹೋಗುತ್ತೇನೆ.

ಮೇ 6

ರಜೆ ಸಿಗಲಿಲ್ಲ.

ಜೂನ್ 30

ಗ್ರೀಸು. ಬಾಗಿಲು. ಗ್ರೀಸು.

ಸೆಪ್ಟೆಂಬರ್ 9, ಬೆಳಿಗ್ಗೆ 10.40

ಕೋರ್ಟಿನ ವರಾಂಡದಲ್ಲಿ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇವತ್ತು ನನ್ನ ಸಾಕ್ಷಿ. ಸರ್ಕಾರಿ ವಕೀಲರು ಬೆನ್ನು ತಟ್ಟಿ, "ತೆಗೆದೆ, ಅಷ್ಟೇ ಹೇಳಿ. ಹೆಚ್ಚು ಬೇಡ" ಎಂದು ಒಳಗೆ ಹೋದರು. ಅಷ್ಟೇ ಸಾಕಂತೆ, ಜೀವಾವಧಿಗೆ.

ಅಕ್ಕ ಪಕ್ಕದಲ್ಲಿದ್ದಾಳೆ. ಮಾರ್ಚ್ ಮಧ್ಯದಿಂದ ಗಂಡನ ಮುಖ ನೋಡಿಲ್ಲ. ಮಡಿಲಲ್ಲಿ ಒಂದು ಫೈಲು. ವಿಚ್ಛೇದನದ ಕಾಗದವಂತೆ, ಸಹಿ ಒಂದೇ ಬಾಕಿ.

"ನೀನು ಹೇಳಿ ಬಂದ್ಮೇಲೆ ಹಾಕ್ತೀನಿ" ಎಂದಳು. "ನೀನೊಬ್ಬ ಇಲ್ದಿದ್ರೆ ನಾನು ಇನ್ನೂ ಅವ್ರನ್ನ ನಂಬ್ಕೊಂಡೇ ಇರ್ತಿದ್ದೆ ಕಣೋ."

ಈಗ ತಾನೆ ವ್ಯಾನು ಬಂತು. ಭಾವ ಇಳಿದರು. ಶರ್ಟು ಭುಜದಿಂದ ಜಾರುತ್ತಿದೆ, ಅಷ್ಟು ಸೊರಗಿದ್ದಾರೆ. ಅಕ್ಕನನ್ನು ಕಂಡು ನಿಂತೇಬಿಟ್ಟರು. ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಭಾವ ನನ್ನ ಕಡೆ ನೋಡಿ, ಬೇಡ ಎನ್ನುವ ಹಾಗೆ ತಲೆಯಾಡಿಸಿದರು. ಈಗಲೂ!

ಅಯ್ಯೋ, ನಾನೆಂಥ ಹೇಡಿ. ಐದು ತಿಂಗಳು.

"ಆವಾಗಿಂದ ಏನೋ ಅದು ಗೀಚ್ತಾ ಇರೋದು?" ಅಕ್ಕ ಕೇಳುತ್ತಿದ್ದಾಳೆ. "ಅಳ್ತಿದೀಯಾ? ಕೊಡಿಲ್ಲಿ, ನೋಡೋಣ." ಕೈ ಚಾಚಿದ್ದಾಳೆ. ಒಳಗೆ ಹೆಸರು ಕೂಗುತ್ತಿದ್ದಾರೆ, ನನ್ನದೇ ಇರಬೇಕು.

ಅಕ್ಕ, ಏಪ್ರಿಲ್ 21ರ ಪುಟ ಮೊದಲು ಓದು. ನನ್ನನ್ನು ಬೈಯುವುದೆಲ್ಲ ಆಮೇಲೆ. ನಾನು ಒಳಗೆ ಅದನ್ನೇ ಹೇಳುತ್ತೇನೆ. ನೀನು ಓದಿದ ಕೂಡಲೇ ಎದ್ದು ಹೋಗಿ ಭಾವನ ಮುಖ—