ಹಾದೆಪ್ಪಮಾಮಾ ಮನೆ ಮುಟ್ಟಿದ್ದು

ಜುಲೈ 6, ರವಿವಾರ

ಹಾದೆಪ್ಪಮಾಮಾನ ಕಥೆಯನ್ನು ಮೊದಲು ಹೇಳಿದವಳು ಸುಭದ್ರಜ್ಜಿ, ನಮ್ಮ ಅಪ್ಪನ ತಾಯಿ. ನಾನು ಎರಡನೇತ್ತೆ ಓದುತ್ತಿದ್ದ ವರ್ಷದ ಶ್ರಾವಣ. ಗದಗಿನ ಹತ್ತಿರದ ನಮ್ಮ ಊರಲ್ಲಿ ಕರೆಂಟ್ ಹೋಗಿತ್ತು. ಕಂದೀಲು ಹಚ್ಚಿಟ್ಟು ಶೇಂಗಾ ಸುಲಿಯುತ್ತ ಶುರು ಮಾಡಿದ್ದಳು...

ಇವತ್ತು ಬೆಳಿಗ್ಗೆ ಇಡ್ಲಿಗೆ ರುಬ್ಬುತ್ತಿರುವಾಗ ಹಯವದನ ಅವರ ಫೋನ್. ಕನ್ನಡ ಕೂಟದ ಸೆಕ್ರೆಟರಿ, ಮೈಸೂರಿನವರು. ಮಿಕ್ಸರ್ ಆಫ್ ಮಾಡಿದೆ.

"ಮೇಡಂ, ಇಪ್ಪತ್ತೇಳಕ್ಕೆ ಪುಸ್ತಕದ ಹಬ್ಬ. ಎಲ್ರೂ ಇಷ್ಟದ ಪಾತ್ರದ ವೇಷ ಹಾಕ್ಕೊಂಡು ಬರ್ಬೇಕು. ನೀವು ಯಾರಾಗ್ತೀರಿ?"

"ಹಾದೆಪ್ಪಮಾಮಾ."

"ಯಾವ ಪುಸ್ತಕ?"

"ಪುಸ್ತಕ ಇಲ್ಲರೀ. ನಮ್ಮ ಅಜ್ಜಿ ಹೇಳಿದ್ದು."

"ಪುಸ್ತಕದ ಹಬ್ಬ ಮೇಡಂ. ಪ್ರಕಾಶಕರು ಅಂತಾದ್ರೂ ಒಂದು ಹೆಸರು ಬೇಕಲ್ಲ."

"ಬರಕೋರಿ. ಸುಭದ್ರಾಬಾಯಿ, ಅಡಗಿಮನಿ, ಗದಗ ಜಿಲ್ಲಾ."

ನಕ್ಕುಬಿಟ್ಟರು. ವೇಷ ಹಾಕಿ ಕಥೆಯನ್ನೂ ನಾನೇ ಹೇಳಬೇಕಂತೆ. ಇಡ್ಲಿ ಹಿಟ್ಟು ತರಿಯಾಗಿ ಉಳಿಯಿತು.

ಜುಲೈ 9

ಮಳೆ. ವಡೋದರಾ ಹತ್ತಿರದ ನಮ್ಮ ಕೊಯಾಲಿ ಟೌನ್‌ಶಿಪ್ಪಿನ ರಸ್ತೆಯೆಲ್ಲ ಕೆಂಪು ನೀರು. ಇವರು ಡ್ಯೂಟಿಗೆ, ಮಗಳು ವರ್ಷಿಣಿ ಶಾಲೆಗೆ. ಮನೆಯಲ್ಲಿ ನಾನು ಮತ್ತು ಹಾದೆಪ್ಪಮಾಮಾ.

ಪಂಚಮಿ ಹಬ್ಬಕ್ಕೆ ಅಕ್ಕನನ್ನು ಕರೆಯಲು ಹೊರಟವನು ಅವನು. ಹೆಗಲ ಮೇಲೆ ಅರಿವೆಯ ಗಂಟು, ಗಂಟಿನಲ್ಲಿ ಎಳ್ಳುಂಡಿ. ಎಡದ ಚಪ್ಪಲಿ ಬಲಗಾಲಿಗೆ, ಬಲದ್ದು ಎಡಗಾಲಿಗೆ. ಲೋಕದಲ್ಲಿ ಯಾರಾದರೂ ಎಲ್ಲಾದರೂ ಹಗಲು ಹೊತ್ತಿನಲ್ಲಿ ಕಥೆ ಹೇಳಿದರೆ ಸಾಕು, ಅವನ ಕಾಲಕೆಳಗಿನ ದಾರಿ ಮಗ್ಗುಲು ಹೊರಳಿ ಬೇರೆಲ್ಲಿಗೋ ಒಯ್ಯುತ್ತದೆ. ಹಾಗೆ ಕುಂಬಾರರ ಮದುವೆಗೆ ಹೋದ. ಕಳ್ಳರ ಗವಿಗೆ ಹೋದ. ಅರಮನೆಗೆ ಹೋದಾಗ ಮದುಮಗನೇ ಬಂದನೆಂದು ಬಾಸಿಂಗ ಕಟ್ಟಿಬಿಟ್ಟರು. ಹೋದಲ್ಲೆಲ್ಲ ಒಂದೇ ಮಾತು: "ಇದು ನಮ್ಮ ಅಕ್ಕನ ಮನಿ ಅಲ್ಲೇನ್ರಿ? ಇರಲಿ, ಕೂತು ಹೋಗತೇನಿ." ಕೂತಲ್ಲಿ ಗಂಟು ಬಿಚ್ಚುತ್ತಾನೆ, ಉಂಡಿ ಕೊಡುತ್ತಾನೆ. ಕಳ್ಳರು ಉಂಡಿ ತಿಂದು ತಮ್ಮ ತಮ್ಮ ಅಕ್ಕಂದಿರನ್ನು ನೆನೆಸಿಕೊಂಡು ಅತ್ತರು.

ಆಮೇಲೆ ಎಷ್ಟು ಪುಸ್ತಕ ಓದಿದೆ. ರಾಜರು, ಪತ್ತೇದಾರರು, ಪ್ರೀತಿಸಿ ಸತ್ತವರು. ಎಲ್ಲರೂ ಪುಸ್ತಕ ಮುಚ್ಚಿದರೆ ಒಳಗೇ ಉಳಿಯುವ ಸಭ್ಯರು. ಇವನೊಬ್ಬ ಮಾತ್ರ ಇನ್ನೂ ದಾರಿಯಲ್ಲಿದ್ದಾನೆ ಅನ್ನಿಸುತ್ತದೆ. ಬಾಗಿಲು ತೆಗೆದೇ ಇಡಬೇಕು.

ಜುಲೈ 10

ಗಿರಿಯ ವಿಷಯ ಬರೆಯಬಾರದು ಅಂದುಕೊಂಡಿದ್ದೆ.

ಗಿರಿಧರ, ನನ್ನ ತಮ್ಮ. ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಸೂಪರ್‌ವೈಸರ್. ಸಣ್ಣವನಿದ್ದಾಗ ನನ್ನ ಪಕ್ಕ ಮಲಗಿ ಅಜ್ಜಿಯ ಕಥೆಗೆ ಹೂಂಗುಟ್ಟುತ್ತಿದ್ದ. ಅವನ ಹೂಂ ಸಣ್ಣಗಾಗುತ್ತ ಆಗುತ್ತ ಅರಮನೆಯ ಹತ್ತಿರ ನಿಂತುಬಿಡುತ್ತಿತ್ತು. ಕಡೆಯನ್ನು ಒಮ್ಮೆಯೂ ಕೇಳಲಿಲ್ಲ. ಬೆಳಿಗ್ಗೆ ಎದ್ದು, "ಅಕ್ಕಾ, ಮಾಮಾ ಮನಿ ಮುಟ್ಟಿದನೇನು?" ಹಗಲು ಹೇಳುವಂತಿಲ್ಲವಲ್ಲ. "ರಾತ್ರಿ ಕೇಳು" ಎನ್ನುತ್ತಿದ್ದೆ. ರಾತ್ರಿ ಮತ್ತೆ ಅರಮನೆಯ ಹತ್ತಿರ ನಿದ್ದೆ.

ಅಪ್ಪ ಅಮ್ಮ ಹೋದ ಮೇಲೆ ನನ್ನ ತವರು ಎಂದರೆ ಪಾಂಡೇಸರಾದ ಆ ಎರಡು ಕೋಣೆ. ಪ್ರತಿ ಪಂಚಮಿಗೆ ಗಿರಿ ಕರೆಯಲು ಬರುತ್ತಿದ್ದ, ಹೆಂಡತಿ ಜಯಾ ಕಟ್ಟಿಕೊಟ್ಟ ಉಂಡಿಯ ಸ್ಟೀಲ್ ಡಬ್ಬಿ ಹಿಡಿದು. ಮುಂಜಾನೆಯ ರೈಲಿಗೆ ಬಂದು ಸಂಜೆಯ ರೈಲಿಗೆ ನನ್ನನ್ನು ಹತ್ತಿಸಿಕೊಂಡು ಹೋಗುವವನು. ಜಯಾ ತೀರಿಕೊಂಡಳು, ಎರಡು ವರ್ಷದ ಹಿಂದಿನ ದೀಪಾವಳಿ ಮುಗಿದ ಮೇಲೆ. ಹೋದ ಪಂಚಮಿಗೆ ಗಿರಿ ಬರಲಿಲ್ಲ. ಫೋನಿನಲ್ಲಿ ಆ ಮಾತೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕೇಳಿ ಕರೆಸಿಕೊಂಡರೆ ಅದು ಕರೆಯುವುದಲ್ಲ.

ಈ ವರ್ಷ ಪಂಚಮಿ ಇಪ್ಪತ್ತೊಂಬತ್ತಕ್ಕೆ.

ಜುಲೈ 20, ರವಿವಾರ

ಫೋನ್ ಮಾಡಿಯೇಬಿಟ್ಟೆ. ಹಬ್ಬಕ್ಕಲ್ಲ, ಕಾರ್ಯಕ್ರಮಕ್ಕೆ.

"ನೋಡೋಣು ಅಕ್ಕಾ. ನೈಟ್ ಶಿಫ್ಟ್ ಅದ."

ವರ್ಷಿಣಿ ಫೋನ್ ಕಸಿದುಕೊಂಡು ಸ್ಪೀಕರ್ ಹಾಕಿದಳು. "ಮಾಮಾ, ಆವೋ ನೇ, ಬಾ. ಮಮ್ಮಿ ಮೂಛ್ ಹಚ್ಕೋತಾಳ."

"ಏನ ಹಚ್ಕೋತಾಳ?"

"ಮೂಛ್ ಮಾಮಾ, ಮುಸ್ಟ್ಯಾಶ್. ಧೋತರಾನೂ ಉಟ್ಕೋತಾಳ."

ಗಿರಿ ನಕ್ಕ. ಜಯಾ ಹೋದ ಮೇಲೆ ಅವನ ನಗು ಕೇಳಿರಲಿಲ್ಲ. "ಬರತೇನಿ ತಗೋ. ಶಿಫ್ಟ್ ಮುಗಿಸಿ ಸೀದಾ ರೈಲು ಹತ್ತತೇನಿ."

ಮಧ್ಯಾಹ್ನ ಕಪಾಟಿನಿಂದ ಒಳ್ಳೆಯ ಚಾದರ ತೆಗೆದಿಟ್ಟೆ.

ಜುಲೈ 24

ಕಾರ್ಯಕ್ರಮ ಬೆಳಿಗ್ಗೆ ಹನ್ನೊಂದಕ್ಕಂತೆ. ಹಾಡಹಗಲು, ಅದೂ ಗಿರಿ ದಾರಿಯಲ್ಲಿರುವಾಗ.

ಹಯವದನರಿಗೆ ಫೋನ್. ಸಂಜೆ ಇಡಲಾದೀತೇ? ಆಗದು, ಹಾಲ್‌ನಲ್ಲಿ ಸಂಜೆ ಯಾರದೋ ನಿಶ್ಚಿತಾರ್ಥ.

"ಪರದೆ ಎಳೆಸಿ ಲೈಟ್ ಆಫ್ ಮಾಡಿಸ್ತೀನಿ ಮೇಡಂ. ರಾತ್ರಿ ಅಂದ್ಕೊಳ್ಳಿ."

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ನನ್ನ ಗಂಡ ಶ್ರೀಪಾದ ರಿಫೈನರಿಯ ಇಂಜಿನಿಯರ್, ಪೈಪಿನ ಭಾಷೆಯಲ್ಲೇ ಯೋಚಿಸುವವರು. "ನಿನ್ನ ತಮ್ಮ ಬರೋದು ರೈಲಿನ್ಯಾಗ. ಹಳಿ ಹಾಕ್ಯಾರ. ರೈಲು ಎಲ್ಲೆ ದಾರಿ ತಪ್ಪತದ?"

"ಹಂಗ ಅನಬ್ಯಾಡ್ರಿ."

"ಹಳಿ ತಪ್ಪತದ ಅಂದೆನೇನು? ದಾರಿ ಅಂದೆ."

ಸಾರಿಗೆ ಉಪ್ಪು ಹಾಕಿರಲಿಲ್ಲ. ಇವರು ತಾವೇ ಹಾಕಿಕೊಂಡರು.

ಜುಲೈ 27, ರವಿವಾರ. ಮಧ್ಯಾಹ್ನ

ಮೀಸೆ ಇನ್ನೂ ತೆಗೆದಿಲ್ಲ. ಅಂಟು ಬಿಡುತ್ತಿಲ್ಲ.

ಹಾಲ್ ತುಂಬಿತ್ತು. ಹಲ್ಲಿಲ್ಲದ ಮಾಟಗಾತಿ, ನಗಲೊಲ್ಲದ ರಾಜಕುಮಾರಿ, ಓದಲು ಬಾರದ ಮಂತ್ರಿ. ನಮ್ಮನೆಯವರು ರೇನ್‌ಕೋಟ್ ತೊಟ್ಟು ಪತ್ತೇದಾರ. ಬಾಗಿಲಲ್ಲಿ ನಿಂತು ಎಲ್ಲರ ಚಪ್ಪಲಿ ಪರೀಕ್ಷಿಸುತ್ತಿದ್ದರು. ಹಯವದನರ ಮಗ ಅಮೋಘ್, ಆರು ವರ್ಷದವನು, ಹಾರುವ ಕುದುರೆ. ಬಾಲ ಪದೇ ಪದೇ ಬೀಳುತ್ತಿತ್ತು. ಮಾಟಗಾತಿ ಪಿನ್ನು ಹಾಕಿಕೊಟ್ಟಳು.

ಮುಂದಿನ ಸಾಲಿನಲ್ಲಿ ವರ್ಷಿಣಿ, ಅವಳ ಪಕ್ಕ ಗಿರಿಗೆಂದು ಇಟ್ಟ ಕುರ್ಚಿ. ಇಷ್ಟೊತ್ತಿಗೆ ಬಂದಿರಬೇಕಿತ್ತು. ಫೋನ್ ಎತ್ತುತ್ತಿಲ್ಲ.

ಪರದೆ ಎಳೆದರು. ನಡುವೆ ಒಂದು ಬಿಸಿಲಿನ ಗೆರೆ ಉಳಿಯಿತು. ಅದನ್ನು ನೋಡದೆ ಶುರು ಮಾಡಿದೆ. ಕುಂಬಾರರ ಮದುವೆ... ಕಳ್ಳರ ಗವಿ... ಹಾಲ್ ಪೂರ್ತಿ ಹೂಂ ಎನ್ನುತ್ತಿತ್ತು. ಅರಮನೆ ದಾಟಿತು. ಹಳ್ಳದ ಆಚೆ ದಂಡೆಗೆ ಅಕ್ಕನ ಮನೆಯ ದೀಪ ಕಂಡಿತು. ಅಷ್ಟರಲ್ಲಿ ವರ್ಷಿಣಿ ಕೆಳಗಿನಿಂದ ಫೋನ್ ಎತ್ತಿ ಆಡಿಸಿದಳು. ಸ್ಟೇಜಿನ ಅಂಚಿಗೆ ಬಗ್ಗಿ ತೆಗೆದುಕೊಂಡೆ, ಮೀಸೆ ಸಮೇತ.

"ಅಕ್ಕಾ, ಅಹಮದಾಬಾದಿನ್ಯಾಗ ಇದ್ದೇನಿ."

"ಎಲ್ಲೆ?"

"ನಿದ್ದಿ ಹತ್ತಿತ್ತು. ವಡೋದರಾ ಯಾವಾಗ ಹೋತೋ. ಬೋಗಿ ಕಸ ಹೊಡಿಯಾಂವ ಎಬ್ಬಿಸಿದ." ಆಕಳಿಸಿದ. "ಹಗಲ ಕಥಿ ಹೇಳಲಿಕ್ಕೆ ಹತ್ತೀಯೇನು?"

"ಹತ್ತೇನಿ."

"ಅದಕ್ಕ ಮತ್ತ." ನಗಲಿಲ್ಲ. "ಕಾರ್ಯಕ್ರಮ ಅಂತೂ ತಪ್ಪಿತು. ವಾಪಸ್ ರೈಲು ಸೂರತ್ತಿಗೆ ಹೋಗತದ. ಹಂಗೇ ಮನಿಗೆ ಹೋಗಿಬಿಡಲೇನು?"

ಹೇಳಬೇಕಾದ್ದು ಬಹಳ ಇತ್ತು. ಬಾಯಿಗೆ ಬಂದದ್ದು ಇಷ್ಟೇ: "ಕಥಿ ನಿಲ್ಲಸೇನಿ ಗಿರಿ. ದೀಪ ಹಚ್ಚೋತನಕ ಮುಂದ ಹೇಳಂಗಿಲ್ಲ."

ಲೈನು ಹೋಯಿತು.

ಜನರ ಕಡೆ ತಿರುಗಿ ಹೇಳಿದೆ, ಮಾಮಾ ದಾರಿ ತಪ್ಪಿದ್ದಾನೆ, ಉಳಿದದ್ದು ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ, ಬರುವವರು ಬರಬಹುದು. ಹಯವದನರ ಮುಖ ನೋಡುವಂತಿತ್ತು. "ಮೇಡಂ, ಇನ್ನೊಂದೈದು ನಿಮಿಷದ ಕಥೆ." ಅಮೋಘ್ ಬಾಲ ಹಿಡಿದುಕೊಂಡು ಅಳತೊಡಗಿದ. ಬಹುಮಾನ ಮಾಟಗಾತಿಗೆ ಹೋಯಿತು.

ಈಗ ಆ ರೈಲು ಎಲ್ಲಿದೆಯೋ. ವಡೋದರಾದಲ್ಲಿ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಇಳಿಯಬೇಕಾದವನು ಅವನು. ಫೋನ್ ಮಾಡಲಾರೆ...

ಅದೇ ದಿನ, ಸಂಜೆ

ಇಳಿದ. ಬಂದ. ಬಾಗಿಲಲ್ಲಿ ನಿಂತು, "ಇದು ನಮ್ಮ ಅಕ್ಕನ ಮನಿ ಅಲ್ಲೇನ್ರಿ?" ಅಂದ.

ಚಹಾಕ್ಕೆ ಇಡುತ್ತೇನೆ.

ಜುಲೈ 28, ಸೋಮವಾರ. ಬೆಳಿಗ್ಗೆ

ನಿನ್ನೆಯದು ಬರೆಯಲೇಬೇಕು.

ಅವನು ಸ್ನಾನಕ್ಕೆ ಹೋದಾಗ ವರ್ಷಿಣಿ ಚೀಲದಿಂದ ಜಯಾಳ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. "ಮಮ್ಮಿ, ಖಾಲಿ ಅದ."

ಗಿರಿ ತಲೆ ಒರೆಸಿಕೊಳ್ಳುತ್ತ ಬಂದ. ನೋಡಿದ. ಅಲ್ಲೇ ಸ್ಟೂಲಿನ ಮೇಲೆ ಕೂತ.

"ನನಗ ಉಂಡಿ ಕಟ್ಟಲಿಕ್ಕೆ ಬರಂಗಿಲ್ಲ ಅಕ್ಕಾ. ಪಾಕ ಒಂದೋ ಕಲ್ಲಾಗತದ, ಇಲ್ಲಾ ನೀರು. ಹೋದ ವರ್ಷನೂ ಈ ಡಬ್ಬಿ ಹಿಡಕೊಂಡು ಸ್ಟೇಷನ್ ತನಕಾ ಹೋಗಿದ್ದೆ. ಬರಿಗೈಲೆ ಹೆಂಗ ಕರೀಲಿ ಅಂತ ಹೊಳ್ಳಿದೆ. ಅಂಗಡೀದು ತರಲಿಕ್ಕೆ ಮನಸಾಗಲಿಲ್ಲ."

ಅಷ್ಟರಲ್ಲಿ ಬೆಲ್ಲು. ಹಯವದನರು, ಅವರ ಕೈ ಹಿಡಿದು ಅಮೋಘ್, ಕುದುರೆಯ ವೇಷದಲ್ಲೇ. "ಇವನು ಊಟ ಮಾಡ್ತಿಲ್ಲ ಮೇಡಂ. ಮಾಮನ್ನ ಮನೆಗೆ ಮುಟ್ಟಿಸಿಬಿಡಿ."

ದೇವರ ದೀಪ ಹಚ್ಚಿದೆ. ಎಲ್ಲರೂ ನೆಲದ ಮೇಲೆ ಕೂತರು. ಗಿರಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಹಳ್ಳದ ದಂಡೆಯಿಂದ ಹಿಡಿದು ಹೇಳಿದೆ, ಅಜ್ಜಿ ಹೇಳುತ್ತಿದ್ದ ಹಾಗೇ. ಹಾದೆಪ್ಪಮಾಮಾ ಹಳ್ಳ ದಾಟಿದ. ಅಂಗಳಕ್ಕೆ ಬಂದ. ಗಂಟು ಬಿಚ್ಚಿದರೆ ಒಂದೂ ಉಂಡಿ ಇಲ್ಲ. ಎಲ್ಲ ದಾರಿಯಲ್ಲೇ ಕೊಟ್ಟಾಗಿತ್ತು. ತಲೆ ತಗ್ಗಿಸಿ ನಿಂತ. ಅಕ್ಕ ಅರಿವೆ ಝಾಡಿಸಿದಳು. ಒಂದು ಎಳ್ಳಿನ ಕಾಳು ಬಿತ್ತು. ಬಾಯಿಗೆ ಹಾಕಿಕೊಂಡು, "ಈ ಸಲ ಉಂಡಿ ಭಾಳ ಛಲೋ ಆಗ್ಯಾವಲ್ಲೋ" ಎಂದಳು. ಸೆರಗು ಸಿಕ್ಕಿಸಿದಳು, ಚಪ್ಪಲಿ ಮೆಟ್ಟಿದಳು. "ನಡಿ. ಈಗ ದಾರಿ ನಾ ತೋರಸತೇನಿ."

ಅಮೋಘ್ ಹೂಂ ಅಂದ. ವರ್ಷಿಣಿ "ಹಾಂ" ಅಂದಳು. ಹಯವದನರೂ ಮೆಲ್ಲಗೆ ಹೂಂ ಅಂದರು. ಗೋಡೆಯ ಕಡೆಯಿಂದ ಏನೂ ಬರಲಿಲ್ಲ. ರಾತ್ರಿಯೆಲ್ಲ ದುಡಿದವನು, ಮತ್ತೆ ಕಡೆ ಮುಟ್ಟುವ ಮೊದಲೇ ನಿದ್ದೆ ಹೋದ ಅಂದುಕೊಂಡೆ. ಚಾದರ ಹೊದಿಸಿ ಬಂದೆ. ಬೆಳಿಗ್ಗೆ ಕೇಳುತ್ತಾನೆ, ರಾತ್ರಿ ಕೇಳು ಎನ್ನುತ್ತೇನೆ...

ಬೆಳಿಗ್ಗೆ ಹಯವದನರ ಫೋನ್. ಅಮೋಘ್ ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಬಿಲ್ಡಿಂಗಿನ ಪ್ರತಿ ಮನೆಯ ಬೆಲ್ಲೂ ಒತ್ತುತ್ತಿದ್ದಾನಂತೆ. "ಇದು ನಮ್ಮ ಅಕ್ಕನ ಮನೆ ಅಲ್ವಾ? ಇರ್ಲಿ, ಕೂತು ಹೋಗ್ತೀನಿ." ಗುಜರಾತಿಗಳ ಮನೆಯಲ್ಲೂ ಕೂತು ಗಾಠಿಯಾ ತಿಂದು ಬಂದನಂತೆ. ಪ್ರಕಾಶಕರು ಸುಭದ್ರಾಬಾಯಿ ಎಂದೇ ವರದಿಯಲ್ಲಿ ಬರೆಯುತ್ತಾರಂತೆ.

ಗಿರಿ ಏನನ್ನೂ ಕೇಳಲಿಲ್ಲ. ಎದ್ದವನೇ ಸ್ಟೂಲು ಹಾಕಿ ಅಟ್ಟದ ಮೇಲಿನ ನನ್ನ ಬ್ಯಾಗು ಇಳಿಸಿದ, ಧೂಳು ಒರೆಸಿದ, ಬಾಗಿಲ ಹತ್ತಿರ ಇಟ್ಟ. ಬ್ಯಾಗಿನ ಮೇಲೆ ಆ ಖಾಲಿ ಡಬ್ಬಿ. ಎಳ್ಳು ಬೆಲ್ಲ ಅಲ್ಲೇ ಪಾಂಡೇಸರಾದಲ್ಲಿ ಕೊಳ್ಳಬಹುದಂತೆ, ಪಾಕ ನಾನು ನೋಡಿಕೊಳ್ಳಬೇಕಂತೆ.

"ಅಕ್ಕಾ, ಏನ ಬರಕೋತ ಕೂತಿ? ರೈಲಿಗೆ ಹೊತ್ತಾತು. ದಾರಿ ನೀನೇ ತೋರಸಬೇಕು, ನಾ ಮತ್ತ ನಿದ್ದಿ ಹೋಗತೇನಿ."

ಬಂದೆ. ಚಪ್ಪಲಿ ಎಲ್ಲಿ...