ಬೇವಿನ ಬುಡದ ಹಿತ್ತಾಳೆ

ಹಲಗೇರಿ,
೯ ಜೂನ್ ೨೦೨೪, ಭಾನುವಾರ

ಪ್ರೀತಿಯ ತಮ್ಮಾ ಶಶಿಕಾಂತ,

ಹೇಗಿದ್ದೀ? ಮೊಣಕಾಲು ನೋವೆಂದು ಅವ್ವ ಹೇಳಿದಳು. ಸಾಂಗಲಿಯ ಗ್ಯಾರೇಜಿನಲ್ಲಿ ದಿನವಿಡೀ ನಿಲ್ಲುವವನು ನೀನು, ಎಣ್ಣೆಯಾದರೂ ತಿಕ್ಕಿಕೋ. ಅವ್ವ ಗಟ್ಟಿಯಾಗಿದ್ದಾಳೆ, ಅವಳ ಬೈಗುಳ ಇನ್ನೂ ಗಟ್ಟಿ. ನಾನು ಮಾತ್ರ ನಾಲ್ಕು ದಿನದಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನನ್ನ ಫೋನು ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ಆದದ್ದು ಇಷ್ಟು. ಬಿತ್ತನೆಗೆ ಹೊಲ ಹದ ಮಾಡುವಾಗ ರೋಟಾವೇಟರಿನ ಬ್ಲೇಡೊಂದು ಮುರಿದು ಮಣ್ಣು ಸೇರಿತು. ಟ್ರ್ಯಾಕ್ಟರ್ ಟೈರಿಗೆ ಹೊಕ್ಕರೆ ಏನು ಗತಿ ಎಂದು ಬ್ಯಾಡಗಿಯ ಅಬ್ದುಲರಜಾಕನನ್ನು ಕರೆಸಿದೆ. ಮಣ್ಣೊಳಗಿನ ಲೋಹ ಹುಡುಕುವ ಮಶಿನ್ನು ಇಟ್ಟುಕೊಂಡಿದ್ದಾನೆ. ಬ್ಲೇಡು ಸಿಕ್ಕಿತು. ಹೊರಡುವಾಗ ಬದುವಿನ ಬೇವಿನ ಬುಡದಲ್ಲಿ ಮಶಿನ್ನು ಮತ್ತೆ ಕೂಗಿತು. ಮೊಳದಷ್ಟು ಅಗೆದರೆ ಹಸಿರುಗಟ್ಟಿದ, ತುದಿ ಮೊನಚಾದ ಎರಡು ಕೊಳವೆಗಳು. ರಜಾಕ ಕೋವಿಯ ಬಾಯಿ ಎಂದ. ರಾಣೆಬೆನ್ನೂರಿನ ಗುಜರಿಯವನು ಗುಡಿಯ ಕಳಸದ ತುದಿ ಎಂದ. ಹಾವೇರಿಯ ನಿವೃತ್ತ ಮಾಸ್ತರರೊಬ್ಬರು ಕನ್ನಡಕ ಏರಿಸಿ, ಇಳಿಸಿ, ಪಾಳೆಗಾರರ ಕಾಲದ ಭರ್ಜಿಯ ಮೊನೆ ಎಂದು ತೀರ್ಪನ್ನೇ ಕೊಟ್ಟರು. ಎಲ್ಲರಿಗೂ ನಾನು ಹೂಂ ಎಂದೆ.

ಶಶೀ, ಮಣ್ಣಿನಿಂದ ಎತ್ತಿದ ಕೂಡಲೇ ನನಗೆ ಗೊತ್ತಾಗಿತ್ತು. ನಮ್ಮ ಹಬ್ಬದ ಹೋರಿ ಸರದಾರನ ಕೊಂಬಿನ ತುದಿಗೆ ಹಾಕುತ್ತಿದ್ದ ಹಿತ್ತಾಳೆಯ ಕೋಡಣಸು ಅವು. ಯಾರಾದರೂ ಬೇರೆ ಹೆಸರು ಹೇಳಿ ನನ್ನನ್ನು ನಂಬಿಸಲಿ ಎಂದೇ ಊರೂರು ಅಲೆದೆ. ಎಂಟು ವರ್ಷದ ಹಿಂದೆ ಸರದಾರ ಸತ್ತು, ಅವನನ್ನು ಆ ಬೇವಿನ ಬುಡದಲ್ಲಿ ಹೂತ ದಿನವೇ ಅವು ಕಾಣೆಯಾದವು. ನೀನು ಮಾರಿಕೊಂಡೆ ಎಂದು ಓಣಿಯ ಮಂದಿಯೆದುರು ಕೂಗಿದವನು ನಾನು. ನೀನು ಉಟ್ಟ ಬಟ್ಟೆಯಲ್ಲೇ ಹೋದೆ.

ಕಡೆಗೆ ಅವನ್ನು ಮಾಡಿಕೊಟ್ಟ ಬ್ಯಾಡಗಿಯ ಯೂಸುಫಸಾಬರ ಬಳಿಗೇ ಹೋದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಅವರೇ ಹೊಡೆದಿದ್ದ ಮೂರು ಚುಕ್ಕಿ ಮೇಲೆದ್ದವು. ಹೋರಿ ಹೂಳುವಾಗ ಸುರಿದ ಉಪ್ಪು ಹಿತ್ತಾಳೆಯನ್ನು ತಿಂದುಬಿಟ್ಟಿದೆ ಎಂದರು. ಆಮೇಲೆ ಮೆಲ್ಲಗೆ ಕೇಳಿದರು, "ನಿಮ್ಮ ಸರದಾರಂದ ಅಲ್ಲೇನಪಾ ಇವು? ನಿನಗ ಗುರ್ತ ಹತ್ತಲಿಲ್ಲೇನು?" ನಾನು ಅವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡೆ.

ಮನೆಗೆ ತಂದು ಅವ್ವನ ಮುಂದಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಸೆರಗಿನಿಂದ ಒರೆಸಿ, ದೇವರ ಜಗುಲಿಯ ಮೇಲಿಟ್ಟು ಒಂದೇ ಮಾತು ಅಂದಳು: "ಮಂದಿ ಮುಂದ ಅಂದಾಂವ ನೀನು. ಮಂದಿ ಮುಂದನ ತಿರಗಿ ಹೇಳು." ನಿನ್ನೆ ಓಣಿಯ ಕಟ್ಟೆಯ ಬಳಿ ನಿಂತು ಹೇಳಿದೆ, ನನ್ನ ತಮ್ಮ ಕದ್ದಿಲ್ಲ, ಅವು ಹೋರಿಯ ಜೊತೆಗೇ ಮಣ್ಣು ಸೇರಿದ್ದವು ಎಂದು. ಕೇಳುತ್ತಿದ್ದವರಲ್ಲಿ ಒಬ್ಬ ಬೀಡಿ ಹಚ್ಚಿದ.

ಅವ್ವನ ಆಶೀರ್ವಾದ ನಿನ್ನ ಕೈಕಾಲು ಕಾಯಲಿ. ಕಾರಹುಣ್ಣಿವೆಗೆ ಬಾ. ಅವ್ವ ಕರಿಗಡಬು ಮಾಡುತ್ತಾಳೆ.

ನಿನ್ನ ಅಣ್ಣ,
ಕೊಟ್ರೇಶ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅವ್ವನಿಗೂ ಹೇಳದ ಮಾತೊಂದಿದೆ. ಹೂಳುವಾಗ ಕೋಡಣಸು ಕೊಂಬಿನಲ್ಲಿರಲಿಲ್ಲ. ಸರದಾರನ ಬೆನ್ನಿಗೆ ಹೊದಿಸುತ್ತಿದ್ದ ಜೂಲಿನ ಮೂಲೆಯಲ್ಲಿ ಗಂಟು ಹಾಕಿದ್ದವು. ಅಳುತ್ತಾ ಅವನ್ನು ಕೊಂಬಿನಿಂದ ಬಿಚ್ಚಿ ಗಂಟು ಕಟ್ಟಿದವನು ನಾನು, ಆ ಜೂಲನ್ನು ಅವನ ಮೇಲೆ ಹೊದಿಸಿ ಮಣ್ಣು ಎಳೆದವನೂ ನಾನೇ. ಮರೆತಿದ್ದೆ, ಖರೇ. ಆದರೆ ನೀನು ಹೋದ ಮೂರನೇ ದಿನಕ್ಕೆ ನೆನಪಾಯಿತು. ಎಂಟು ವರ್ಷ ಬಾಯಿ ಬಿಡಲಿಲ್ಲ. ಇದನ್ನು ಓಣಿಯಲ್ಲಿ ನೀನೇ ಓದಿ ಹೇಳು, ನಾನು ಪಕ್ಕದಲ್ಲಿ ನಿಂತಿರುತ್ತೇನೆ.